ಪ್ಲೇಟು ತಿರುವಿ ಹಾಕುವಷ್ಟು ಹೊತ್ತು

ಬೀರೂರಿನಲ್ಲಿ ಒಂದು ಕಾಲಕ್ಕೆ ಒಂದು ವಚನವನ್ನು ಅರ್ಧಕ್ಕೆ ನಿಲ್ಲಿಸಿ, ಸುಮ್ಮನೆ ಕೂತಿದ್ದು, ಆಮೇಲೆ ಉಳಿದರ್ಧ ಹಾಡುವ ಪದ್ಧತಿಯಿತ್ತು. ಯಾವ ವಚನವೆಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಅದನ್ನು ಗುನುಗಲು ಶುರು ಮಾಡುತ್ತೀರಿ, ನನ್ನ ಮಾತು ಕೇಳುವುದಿಲ್ಲ. ಅರ್ಥ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಹಾಡು ಗಕ್ಕನೆ ನಿಲ್ಲುತ್ತಿತ್ತು. ತಾಳ ನಿಲ್ಲುತ್ತಿತ್ತು, ಹಾರ್ಮೋನಿಯಂ ನಿಲ್ಲುತ್ತಿತ್ತು, ಹೆಂಗಸರೆಲ್ಲ ಕಣ್ಣು ಮುಚ್ಚಿ ಕೂರುತ್ತಿದ್ದರು. ಕೆಲವರು ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಹೊಸಬರಾದರೆ ಯಾರಿಗೋ ತಲೆ ಸುತ್ತು ಬಂತೇನೋ ಎಂದು ಗಾಬರಿಯಾಗಿ ನೀರು ತರಲು ಓಡಬೇಕು, ಹಾಗಿರುತ್ತಿತ್ತು. ನಾನೇ ಒಮ್ಮೆ ಚೊಂಬು ಹಿಡಿದು ಓಡಿದ್ದೇನೆ. ವಾಪಸ್ಸು ಬರುವಷ್ಟರಲ್ಲಿ ಹಾಡು ಮತ್ತೆ ನಡೆದಿತ್ತು.

ಈ ಪದ್ಧತಿಯನ್ನು ಹುಟ್ಟಿಸಿದವರು ಒಬ್ಬ ಹೆಂಗಸು. ಹೋದ ಶ್ರಾವಣದಲ್ಲಿ ಲಿಂಗೈಕ್ಯರಾದರು. ಊರು ಅವರನ್ನು ಹಿಂದಿನಿಂದ, ಗ್ರಾಮಫೋನಿನ ಪ್ಲೇಟಿನ ದೆಸೆಯಿಂದ, 'ಪ್ಲೇಟಮ್ಮ' ಎನ್ನುತ್ತಿತ್ತು, ಎದುರಿಗೆ 'ಅಕ್ಕ' ಎನ್ನುತ್ತಿತ್ತು. ನಾನು ಹಿಂದೆಯೂ ಮುಂದೆಯೂ ಅಕ್ಕ ಎಂದೇ ಅಂದವಳು, ಇಲ್ಲಿಯೂ ಹಾಗೇ ಅನ್ನುತ್ತೇನೆ. ಹೆಸರು ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಹೆಸ್ರು ಹೇಳ್ಕೊಳ್ಳೋರು ಪ್ಲೇಟ್ನೋರು ಕಣೇ, ನಮಗ್ಯಾಕೆ" ಎನ್ನುತ್ತಿದ್ದರು.

ನಾನು ಪಂಚನಹಳ್ಳಿ ಕಡೆಯವಳು. ನಮ್ಮಪ್ಪ ತೋಟದ ಕೊಬ್ಬರಿಯನ್ನು ಬೀರೂರಿನ ಒಂದು ಮಂಡಿಗೆ ಹಾಕುತ್ತಿದ್ದರು. ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ತರೀಕೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಾಗ, ಒಂಟಿ ಹೆಣ್ಣು ಗೊತ್ತಿಲ್ಲದ ಊರಿನಲ್ಲಿ ಇರುವುದು ಬೇಡವೆಂದು ಅಪ್ಪ ಆ ಮಂಡಿಯವರ ಮನೆಯ ಪಕ್ಕದ ರೂಮಿನಲ್ಲಿ ನನ್ನನ್ನು ಇಳಿಸಿ ಹೋದರು. ಬೆಳಿಗ್ಗೆ ರೈಲಿನಲ್ಲಿ ತರೀಕೆರೆ, ಸಂಜೆ ರೈಲಿನಲ್ಲಿ ಬೀರೂರು. ಅಕ್ಕ ಆ ಮನೆಯ ಒಬ್ಬಳೇ ಸೊಸೆ. ಆಗ ಅವರಿಗೆ ನಲವತ್ತು ದಾಟಿತ್ತು. ಎತ್ತರದ ಆಳು, ದಪ್ಪ ಸೀರೆ, ಹಣೆ ತುಂಬ ವಿಭೂತಿ. ಮಾತಾಡುವಾಗ ಬಲಗೈಯ ತೋರುಬೆರಳು ಗಾಳಿಯಲ್ಲಿ ಸಣ್ಣಗೆ ಸುತ್ತು ಹಾಕುತ್ತಿತ್ತು. ಬೈಯುವಾಗಲೂ ಸುತ್ತು ಹಾಕುತ್ತಿತ್ತು. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಟೀಚರಮ್ಮ, ಹಾಡ್ತೀಯೇನೇ?" ಎಂದರು.

"ಇಲ್ಲಕ್ಕ, ನನ್ನ ದನಿ ಕಾಗೆ ದನಿ."

"ಒಳ್ಳೇದಾಯ್ತು. ಹಾಡೋರು ಊರ್ ತುಂಬ ಅವ್ರೆ, ಕೇಳೋರೇ ಇಲ್ಲ. ನೀನ್ ಕೇಳು."

ಹೀಗೆ ನಾನು ಪ್ರತಿ ಸೋಮವಾರ ಸಂಜೆ ಮಠದ ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದ ಹೆಂಗಸರ ಭಜನೆಗೆ ಕೇಳುವವಳಾಗಿ ನೇಮಕವಾದೆ. ಸಂಬಳವೆಂದರೆ ಒಂದು ತುಂಡು ಕೊಬ್ಬರಿ, ಬೆಲ್ಲ.

ಅಕ್ಕನಿಗೆ ಗುರು ಇರಲಿಲ್ಲ. ಅವರ ಮಾವ ಬೀರೂರಿಗೇ ಮೊದಲು ಗ್ರಾಮಫೋನು ತಂದವರಂತೆ. ಹಾಗೆಂದು ಆ ಮನೆಯವರು ಹೇಳುತ್ತಿದ್ದರು. ಇನ್ನೊಂದು ಮಂಡಿಯವರೂ ಅದನ್ನೇ ಹೇಳುತ್ತಿದ್ದರು, ಆ ಜಗಳ ನಮಗೆ ಬೇಡ. ಮಾವನಿಗೆ ಹಾಡೆಂದರೆ ಪ್ರಾಣ. ಸಂಜೆ ಮಂಡಿಯಿಂದ ಬಂದು ಕೈಕಾಲು ತೊಳೆದು ಪಡಸಾಲೆಯಲ್ಲಿ ಒರಗಿ ಕೂತರೆ ಪ್ಲೇಟು ಹಾಕಲೇಬೇಕು. ಗ್ರಾಮಫೋನು ಇದ್ದದ್ದು ಪಡಸಾಲೆಗೂ ಒಳಮನೆಗೂ ನಡುವಿನ ಬಾಗಿಲ ಪಕ್ಕದ ಗೂಡಿನಲ್ಲಿ. ಸೊಸೆ ಒಳಗೆ ನಿಂತೇ ಕೀಲಿ ಕೊಡಬಹುದು, ಪ್ಲೇಟು ತಿರುವಬಹುದು, ಪಡಸಾಲೆಗೆ ಬರುವಂತಿಲ್ಲ. ಇಪ್ಪತ್ತು ವರ್ಷ ಅಕ್ಕ ಮಾಡಿದ ಚಾಕರಿ ಇದು. "ನಮ್ಮಾವಂಗೆ ನಾನಂದ್ರೆ ಬಳೆ ತೊಟ್ಟ ಒಂದು ಕೈ ಕಣೇ" ಎಂದು ಹೇಳಿ ನಗುತ್ತಿದ್ದರು. ಪ್ಲೇಟಿನ ಮೇಲೆ ಓಡುವ ಸ್ಟೀಲಿನ ಮುಳ್ಳು ಸಿಗದ ಕಾಲದಲ್ಲಿ ಮಾವ ಜಾಲಿಮುಳ್ಳು ಚೂಪು ಮಾಡಿಸಿ ಹಾಕಿಸುತ್ತಿದ್ದರಂತೆ. ಜಾಲಿಮುಳ್ಳಿನಲ್ಲಿ ದನಿ ಮೆತ್ತಗೆ ಬರುತ್ತದೆ ಎಂದು ಅಕ್ಕ ಹೇಳಿದಾಗ ನಾನು ನಂಬಿರಲಿಲ್ಲ. ಆಮೇಲೆ ಕೇಳಿದೆ, ನಿಜ.

ಮದುವೆಯಾದ ಹೊಸತರಲ್ಲಿ ಅಕ್ಕ ಒಮ್ಮೆ ರೊಟ್ಟಿ ತಟ್ಟುತ್ತ ಪ್ಲೇಟಿನ ಹಾಡನ್ನು ಗುನುಗಿದ್ದು ಮಾವನ ಕಿವಿಗೆ ಬಿತ್ತು. ಅವರು ಗದರಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಹಾಡೋರು ಹಾಡ್ತಾರೆ ಕಣವ್ವ, ನಾವು ಕೇಳೋರು" ಎಂದರಂತೆ, ಅಷ್ಟೇ. ವ್ಯಾಪಾರಸ್ಥರ ಮನೆತನದ ಹಮ್ಮು ಅದು. ಹಾಡುವುದು ಬೇರೆಯವರ ಕಸುಬು, ಕೂತು ಕೇಳುವುದು ನಮ್ಮ ಅಂತಸ್ತು. ಆವತ್ತಿನಿಂದ ಅಕ್ಕ ಮನೆಯಲ್ಲಿ ಬಾಯಿ ಬಿಟ್ಟು ಹಾಡಲಿಲ್ಲ. ಮಠದ ಭಜನೆಗೆ ಮಾತ್ರ ಅಡ್ಡಿ ಇರಲಿಲ್ಲ, ಅದು ದೇವರ ಕೆಲಸ, ಅದೂ ಗುಂಪಿನಲ್ಲಿ. ಅಲ್ಲಿಗೆ ಮಾವ ಬರುತ್ತಿರಲಿಲ್ಲ. ಹೀಗಾಗಿ ಊರಿಗೆಲ್ಲ ಗೊತ್ತಿದ್ದ ಅಕ್ಕನ ದನಿ, ಊರಿನಲ್ಲೇ ದೊಡ್ಡ ಹಾಡುಪ್ರೇಮಿ ಎನಿಸಿಕೊಂಡ ಆ ಒಬ್ಬರಿಗೆ ಗೊತ್ತಿರಲಿಲ್ಲ.

ಅಕ್ಕ ಪ್ಲೇಟಿನಲ್ಲಿದ್ದದ್ದನ್ನು ಇದ್ದ ಹಾಗೇ ಎತ್ತಿಕೊಳ್ಳುತ್ತಿದ್ದರು ಎಂದು ಆಡಿಕೊಳ್ಳುವವರಿದ್ದರು. ಅದು ಪೂರ್ತಿ ನಿಜವಲ್ಲ. ಒಂದು ಪ್ಲೇಟಿಗೆ ಗೀರು ಬಿದ್ದು ಒಂದೇ ಮಾತು ಮೂರು ಸಲ ಬರುತ್ತಿತ್ತು. ಭಜನೆಗೆ ಬರುತ್ತಿದ್ದ ಒಬ್ಬಾಕೆ ಅದನ್ನೂ ಮೂರು ಸಲ ಹಾಡಿದಾಗ ಅಕ್ಕ, "ಲೇ, ಗೀರು ಬೇರೆ ಹಾಡು ಬೇರೆ ಕಣೇ, ಅಷ್ಟೂ ತಿಳಿಯಲ್ವಾ?" ಎಂದು ನಿಲ್ಲಿಸಿದರು. ಇನ್ನೊಂದು ಕತೆ ಇದಕ್ಕಿಂತ ಚೆನ್ನಾಗಿದೆ. ಬಹಳ ಹಳೆಯ ಪ್ಲೇಟುಗಳಲ್ಲಿ ಹಾಡು ಮುಗಿದ ಮೇಲೆ ಹಾಡಿದಾಕೆ ತನ್ನ ಹೆಸರು, ಊರು ಕೂಗಿ ಹೇಳುತ್ತಿದ್ದಳು. ಅಜ್ಜಂಪುರದಿಂದ ಬರುತ್ತಿದ್ದ ಒಬ್ಬ ಮುದುಕಮ್ಮ ಅದನ್ನು ಹಾಡಿನ ಕೊನೆಯ ಅಂಕಿತವೆಂದೇ ತಿಳಿದು, ರಾಗವಾಗಿ ಆ ಹೆಸರು ಹಾಡಿ, ಭಕ್ತಿಯಿಂದ ಕೈ ಮುಗಿದರು. ಉಳಿದವರೂ ಕೈ ಮುಗಿದರು. ಅಕ್ಕ ಹಾರ್ಮೋನಿಯಂ ಮೇಲೆ ತಲೆ ಇಟ್ಟು ನಕ್ಕಿದ್ದೇ ನಕ್ಕಿದ್ದು. ತಿದ್ದಲಿಲ್ಲ. "ಬಿಡೇ, ಪ್ಲೇಟಿನ ಆವಮ್ಮನೂ ಎಲ್ಲೋ ಪುಣ್ಯ ಮಾಡಿದ್ಲು. ಅಜ್ಜಂಪುರದೋರ ಕೈಲಿ ಕೈ ಮುಗಿಸ್ಕೊಂತಾವ್ಳೆ" ಎಂದರು.

ಸಿನಿಮಾ ಹಾಡೆಂದರೆ ಮೂಗು ಮುರಿಯುವ ಜಾತಿಯೂ ಅವರದಲ್ಲ. ರೇಡಿಯೋದಲ್ಲಿ ಕೇಳುಗರ ಮೆಚ್ಚಿನ ಹಾಡು ಬರುವಾಗ, ಕೋರಿದವರ ಹೆಸರುಗಳ ಪಟ್ಟಿಯಲ್ಲಿ ಕಡೂರಿನವರು ಎಷ್ಟು, ತರೀಕೆರೆಯವರು ಎಷ್ಟು ಎಂದು ಬೆರಳು ಮಡಿಚುತ್ತಿದ್ದರು. ಕಡೂರು ಗೆದ್ದರೆ ಖುಷಿ, ಅವರ ತವರು ಕಡೂರು. ನಮ್ಮ ಸ್ಕೂಲ್ ಡೇಯಲ್ಲಿ ಹುಡುಗಿಯರು ಸಿನಿಮಾ ಹಾಡು ಹಾಡುತ್ತ, ನಡುವೆ ಬರುವ ಪಿಟೀಲು, ಕೊಳಲುಗಳನ್ನೂ ಬಾಯಲ್ಲೇ ನುಡಿಸಿದಾಗ ಹೆಡ್‌ಮಿಸ್ಸು ಮುಖ ಸಿಂಡರಿಸಿದರು. ನಾನು ಅದನ್ನು ಹೇಳಿದರೆ ಅಕ್ಕ ನನ್ನ ಮೇಲೇ ತಿರುಗಿದರು. "ಅದ್ರಲ್ಲೇನ್ ತಪ್ಪು? ಹಾಡು ಅವ್ರ ಕಿವೀಗ್ ಬಂದದ್ದೇ ಹಂಗೆ. ಪಿಟೀಲು ಬಿಟ್ಟು ಹಾಡಂದ್ರೆ ಉಪ್ಪು ಬಿಟ್ಟು ಸಾರು ಮಾಡು ಅಂದಂಗೆ."

ಹಾಡುಗಳು ಯಾಕೆ ಇಷ್ಟಿಷ್ಟೇ ಉದ್ದ ಎಂದು ನಾನೊಮ್ಮೆ ಕೇಳಿದ್ದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಆಮೇಲೆ ಯಾವ ಪುಸ್ತಕದಲ್ಲೂ ನಾನು ಕಾಣಲಿಲ್ಲ.

"ನಮ್ಮಜ್ಜಿ ಬೀಸೋಕಲ್ಲಿನ ಪದ ಹೇಳಿದ್ರೆ ರಾಗಿ ಮುಗಿಯೋವರ್ಗೂ ಹೇಳೋಳು. ಮೂರು ಸೇರು ರಾಗಿ ಇದ್ರೆ ಮೂರು ಸೇರಿನ ಪದ, ಐದು ಸೇರಿದ್ರೆ ಐದು ಸೇರಿನ ಪದ. ಆಮೇಲ್ ಪ್ಲೇಟ್ನೋರು ಬಂದ್ರು ನೋಡು, ಪದಾನ ಪ್ಲೇಟಿನ ಅಳತೆಗೆ ಕತ್ತರಿಸಿದ್ರು. ಸಿನಿಮಾದೋರೂ ಅದೇ ಅಳತೇಲಿ ಹೊಲ್ಕೊಂಡ್ರು. ಈಗ ರೇಡಿಯೋದೋರು ಗಡಿಯಾರ ನೋಡ್ಕೊಂಡ್ ಹೊಲೀತಾರೆ. ದರ್ಜಿ ಬದ್ಲಾದ, ಅಷ್ಟೇಯ."

ಇಂಥ ಹೆಂಗಸು, ಗೀರು ಬೇರೆ ಹಾಡು ಬೇರೆ ಎಂದು ಗೊತ್ತಿದ್ದ ಹೆಂಗಸು, ಆ ಒಂದು ವಚನದ ನಡುವೆ ಯಾಕೆ ನಿಲ್ಲಿಸುತ್ತಾರೆ? ಮಠದ ಸ್ವಾಮಿಗಳು ಒಮ್ಮೆ ಅದನ್ನು ಕೇಳಿ, "ಮಾತು ನಿಂತಲ್ಲಿ ಶಿವ ಇದಾನೆ ಅನ್ನೋದನ್ನ ಈ ತಾಯಂದಿರು ಹಾಡಿ ತೋರ್ಸಿದಾರೆ" ಎಂದು ಆಶೀರ್ವಚನದಲ್ಲೇ ಹೊಗಳಿದರು. ಅದಾದ ಮೇಲಂತೂ ಕಣ್ಣು ಮುಚ್ಚುವವರು ಇನ್ನೂ ಬಿಗಿಯಾಗಿ ಮುಚ್ಚತೊಡಗಿದರು. ಭಜನೆಯ ಹುಡುಗಿಯರು ಮದುವೆಯಾಗಿ ಹೋದ ಕಡೆಗೆಲ್ಲ ಆ ನಿಲುಗಡೆಯೂ ಹೋಯಿತು. ಬುಕ್ಕಾಂಬುಧಿಯಲ್ಲಿ ನನ್ನ ಗೆಳತಿಯ ಮಗುವಿನ ನಾಮಕರಣಕ್ಕೆ ಹೋದರೆ ಅಲ್ಲಿಯೂ ಅದೇ ವಚನ, ಅದೇ ಜಾಗದಲ್ಲಿ ಗಪ್‌ಚಿಪ್. ಪಕ್ಕದಲ್ಲಿ ಕೂತ ಅಜ್ಜಿಯನ್ನು ಕೇಳಿದರೆ, "ಇದು ನಮ್ಮತ್ತೆ ಕಾಲ್ದಿಂದ್ಲೂ ಹಿಂಗೇ ಕಣವ್ವ" ಎಂದರು. ಹತ್ತು ವರ್ಷವೂ ಆಗಿರದ ಪದ್ಧತಿ ಅದು.

ಒಂದು ಭಾನುವಾರ ಗೂಡಿಗೆ ಸುಣ್ಣ ಬಳಿಯಲು ಗ್ರಾಮಫೋನನ್ನು ಕೆಳಗಿಳಿಸಿದ್ದರು. ಮಾವ ಅರಸೀಕೆರೆಗೆ ಹೋಗಿದ್ದರು, ಅಕ್ಕ ಹಿತ್ತಲಲ್ಲಿದ್ದರು. ನಾನು ಕುತೂಹಲಕ್ಕೆ ಆ ವಚನದ ಪ್ಲೇಟು ಹಾಕಿದೆ. ಹಾಡು ಬಂತು, ಬಂತು, ಆ ಜಾಗಕ್ಕೆ ಬಂದು ಕರ್ರ್ ಎಂದು ನಿಂತಿತು. ಮಗ್ಗುಲು ಮುಗಿದಿತ್ತು! ಉದ್ದದ ವಚನ, ಒಂದು ಮಗ್ಗುಲಲ್ಲಿ ಹಿಡಿಸಿಲ್ಲ, ಉಳಿದದ್ದು ಇನ್ನೊಂದು ಮಗ್ಗುಲಲ್ಲಿ. ಪ್ಲೇಟು ಎತ್ತಿ, ತಿರುವಿ, ಮುಳ್ಳು ಬದಲಿಸಿ, ಕೀಲಿ ಕೊಟ್ಟು, ಮತ್ತೆ ಮುಳ್ಳು ಇಡಲು ಎಷ್ಟು ಹೊತ್ತು ಬೇಕೋ ಬೀರೂರಿನ ಹೆಂಗಸರು ಅಷ್ಟು ಹೊತ್ತು ಶಿವಧ್ಯಾನ ಮಾಡುತ್ತಿದ್ದರು. ನನ್ನ ವಾಚಿನಲ್ಲಿ ನೋಡಿದೆ, ಹೆಚ್ಚುಕಡಿಮೆ ಒಂದೇ. ಅಯ್ಯೋ ಶಿವನೇ ಎಂದು ಒಬ್ಬಳೇ ಕೂತು ನಕ್ಕೆ. ವಿಜ್ಞಾನದ ಟೀಚರಿಗೆ ಇದಕ್ಕಿಂತ ದೊಡ್ಡ ಖುಷಿ ಯಾವುದಿದೆ? ಆದರೆ ಯಾರಿಗೂ ಹೇಳಲಿಲ್ಲ. ಪಾಪ, ಅಕ್ಕನಿಗೇ ಗೊತ್ತಿಲ್ಲವೇನೋ, ನೊಂದುಕೊಳ್ಳುತ್ತಾರೆ ಎಂದುಕೊಂಡೆ. ಪಾಪವೆಂದುಕೊಂಡೆನಲ್ಲ, ಆಗ ನನಗೆ ಅಷ್ಟು ಜಂಬವಿತ್ತು.

ಅದೇ ವರ್ಷ ರೇಡಿಯೋ ಸ್ಟೇಷನ್ನಿಂದ ಭಜನಾ ಮಂಡಳಿಗೆ ಕಾಗದ ಬಂತು. ಸಂಜೆಯ ಗ್ರಾಮೀಣರ ಕಾರ್ಯಕ್ರಮಕ್ಕೆ ಹಾಡಿಸುತ್ತೇವೆ, ಇಂಥ ದಿನ ಬನ್ನಿ ಎಂದು. ಅರ್ಜಿ ಹಾಕಿದ್ದು ಅಕ್ಕ, ಬರೆದುಕೊಟ್ಟದ್ದು ನಾನು. ಸಂತೆ ಹೊತ್ತಿನಲ್ಲೂ ಗಾಬರಿಯಾಗದ ಅಕ್ಕ ಆ ಕಾಗದವನ್ನು ಮೂರು ಸಲ ಓದಿಸಿದರು. ಆಮೇಲೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ನನಗೆ ಅರ್ಜಿಯ ನಿಜವಾದ ಕಾರಣ ಹೇಳಿದರು.

"ನಮ್ಮಾವ ಒಂದ್ಸಲ ನನ್ ಹಾಡು ಕೇಳ್ಬೇಕು ಕಣೇ. ಮನೇಲ್ ಹಾಡಿದ್ರೆ ಅವ್ರು ಕೇಳಲ್ಲ. ಡಬ್ಬದಲ್ಲಿ ಹಾಡಿದ್ರೆ ಕೇಳ್ತಾರೆ. ಡಬ್ಬದಾಗಿಂದ ಯಾರ್ ಹಾಡಿದ್ರೂ ಕೇಳ್ತಾರೆ ಅವ್ರು."

"ಹೇಳಿಬಿಡಿ ಅಕ್ಕ, ನಾನೂ ಹಾಡ್ತೀನಿ ಅಂತ. ಈ ಕಾಲದಲ್ಲಿ ಯಾರು ಬೇಡ ಅಂತಾರೆ?"

"ಅವ್ರು ಬೇಡ ಅಂದಿದ್ರೆ ಜಗಳಾಡ್ಬೋದಿತ್ತು. ನಾವು ಕೇಳೋರು ಅಂದ್ಬಿಟ್ರು. ಅದ್ಕೇನಂತ ಜಗಳಾಡ್ಲಿ? ಎಪ್ಪತ್ತೆಂಟಾಯ್ತು ಅವ್ರಿಗೆ. ಕಿವಿ ಇನ್ನೂ ಚುರುಕಾಗೈತೆ. ಇನ್ನೆಷ್ಟ್ ದಿನವೋ."

ಬೆರಳು ಸುತ್ತು ಹಾಕುವುದನ್ನು ನಿಲ್ಲಿಸಿತ್ತು. ಏನೇ ಆಗಲಿ, ಈ ಹೆಂಗಸಿನ ದನಿ ಆ ಮುದುಕರ ರೇಡಿಯೋದಲ್ಲಿ ಬರಲೇಬೇಕು ಎಂದು ನಾನೂ ಹಟ ತೊಟ್ಟೆ.

ಏಳು ಜನ ಹೆಂಗಸರು, ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ, ಬುತ್ತಿ ಗಂಟು, ಜೊತೆಗೆ ರಜೆ ಹಾಕಿದ ನಾನು. ರೈಲಿನಲ್ಲಿ ತರೀಕೆರೆ ದಾಟಿ ಹೋಗಿ ಇಳಿದೆವು. ರೇಡಿಯೋ ಸ್ಟೇಷನ್ನಿನ ಒಂದು ಕೋಣೆಯಲ್ಲಿ ಗೋಡೆಗೆಲ್ಲ ತೂತು ತೂತು ಹಲಗೆ, ನೆಲಕ್ಕೆ ಜಮಖಾನ. ಒಬ್ಬ ಆಫೀಸರು ಬಂದು, ಒಳ್ಳೆಯ ಮನುಷ್ಯರು, ಕನ್ನಡಕ ಹಣೆಗೇರಿಸಿ, "ಒಂದ್ಸಲ ಸುಮ್ನೆ ಹಾಡಿ, ಕೇಳ್ತೀನಿ" ಎಂದರು. ಹಾಡಿದರು. ಆ ಜಾಗ ಬಂತು. ಏಳೂ ಜನ ನಿಲ್ಲಿಸಿದರು, ಕಣ್ಣು ಮುಚ್ಚಿದರು.

ಆಫೀಸರು ನನ್ನ ಮುಖ ನೋಡಿದರು. "ಏನಾಯ್ತಮ್ಮ? ಮರ್ತೋಯ್ತಾ?"

ಹಾಡು ಮತ್ತೆ ಶುರುವಾಗಿ ಮುಗಿದ ಮೇಲೆ, ಗುಂಪಿನ ಹಿರಿಯಳು, ರೈಲ್ವೆ ಗಾರ್ಡಿನ ಹೆಂಡತಿ, ಎದೆಯುಬ್ಬಿಸಿ ಹೇಳಿದಳು: "ಮರ್ಯೋದೇನ್ ಬಂತು ಸಾರ್. ಇದು ನಮ್ಮ ಪದ್ಧತಿ. ಹಿಂದ್ಲಿಂದ ಬಂದದ್ದು. ಸ್ವಾಮಿಗಳೇ ಮೆಚ್ಚವ್ರೆ."

"ಇರಬಹುದಮ್ಮ. ಆದ್ರೆ ರೇಡಿಯೋದಲ್ಲಿ ಇಷ್ಟ್ ಹೊತ್ತು ಸುಮ್ನಿರೋ ಹಾಗಿಲ್ಲ. ಸ್ಟೇಷನ್ನೇ ನಿಂತೋಯ್ತು ಅಂತ ಜನ ಗುಂಡಿ ತಿರುಗಿಸ್ತಾರೆ. ನಿಲ್ಲಿಸ್ದೆ ಹಾಡಿ. ಇಲ್ದಿದ್ರೆ ಈ ಹಾಡು ಬೇಡ."

"ಪದ್ಧತಿ ಬಿಡಕ್ಕಾಗಲ್ಲ ಸಾರ್" ಎಂದಳು ಗಾರ್ಡಿನ ಹೆಂಡತಿ. ಉಳಿದವರೂ ತಲೆಯಾಡಿಸಿದರು. ಆಫೀಸರು ಕನ್ನಡಕ ಇಳಿಸಿ ಗಡಿಯಾರ ನೋಡಿದರು. ಅಕ್ಕ ಹಾರ್ಮೋನಿಯಂನ ಕರಿಬಿಳಿ ಮನೆಗಳನ್ನು ಸೆರಗಿನಿಂದ ಒರೆಸುತ್ತಿದ್ದರು. ಎಲ್ಲ ಕೈತಪ್ಪಿ ಹೋಗುತ್ತಿದೆ ಎನ್ನಿಸಿ ನನ್ನ ಬಾಯಿಂದ ಬಂದೇಬಿಟ್ಟಿತು:

"ಪದ್ಧತಿಯೂ ಇಲ್ಲ, ಮಣ್ಣೂ ಇಲ್ಲ ಸಾರ್. ಪ್ಲೇಟಲ್ಲಿ ಒಂದು ಮಗ್ಗುಲು ಮುಗಿಯೋ ಜಾಗ ಅದು. ಪ್ಲೇಟು ತಿರುವಿ ಹಾಕೋವಷ್ಟು ಹೊತ್ತು ಇವರು ಸುಮ್ನಿರ್ತಾರೆ, ಅಷ್ಟೇ!"

ಗಾರ್ಡಿನ ಹೆಂಡತಿಯ ಬಾಯಿ ತೆರೆದೇ ಇತ್ತು. ಅಷ್ಟು ಜನರೆದುರು ಅಕ್ಕನ ಮಾನ ತೆಗೆದೆನಲ್ಲ ಎಂದು ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅಕ್ಕ ತಲೆಯೆತ್ತಿದರು.

"ಟೀಚರಮ್ಮ ಹೇಳಿದ್ದು ನಿಜ ಸಾರ್."

"ನಿಮಗ್ ಗೊತ್ತಿತ್ತಾ?" ನಾನೇ ಕೇಳಿದೆ.

"ಇಪ್ಪತ್ತು ವರ್ಷ ಪ್ಲೇಟ್ ತಿರುವ್ದೋಳು ನಾನು, ನಂಗ್ ಗೊತ್ತಿರಲ್ವೇನೇ? ಆ ಹೊತ್ತಲ್ಲೇ ನಾನು ಹಾಡು ಕಲ್ತಿದ್ದು. ಪ್ಲೇಟು ಹಾಡುವಾಗ ಅದ್ರ ದನಿ ಬಿಟ್ಟು ಬೇರೇದ್ ಕೇಳ್ಸಲ್ಲ. ತಿರುವೋವಾಗ ಮನೆ ಎಲ್ಲ ಸುಮ್ಗಿರೋದು. ಆವಾಗ ಅಲ್ಲೀವರ್ಗೂ ಕೇಳಿದ್ದನ್ನ ಒಳಗೊಳಗೇ ಒಂದ್ಸಲ ಹಾಡ್ಕೊಂಡ್ಬಿಡ್ತಿದ್ದೆ, ತುಟಿ ಅಲ್ಲಾಡಿಸ್ದೆ. ಗುರು ಅಂತ ಇದ್ರೆ ಅಷ್ಟ್ ಹೊತ್ತೇ ನನ್ ಗುರು. ಅದನ್ನ ಬಿಟ್ಟು ಹಾಡೋಕೆ ಮನ್ಸು ಬರ್ಲಿಲ್ಲ."

"ಮತ್ತೆ ನಮಗ್ಯಾಕ್ ಹೇಳ್ಲಿಲ್ಲ ನೀನು?" ಗಾರ್ಡಿನ ಹೆಂಡತಿಗೆ ಅಳುವೇ ಬಂದಿತ್ತು.

"ನೀವ್ ಕೇಳಿದ್ರಾ? ನಾನ್ ನಿಲ್ಸಿದ್ ತಕ್ಷಣ ಎಲ್ರೂ ಕಣ್ಮುಚ್ಕೊಂಡ್ರಿ. ಕಣ್ಮುಚ್ಕೊಂಡೋರಿಗೆ ಏನಂತ ಹೇಳೋದು?"

ಮೊದಲು ನಕ್ಕವರು ಆಫೀಸರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಗಾರ್ಡಿನ ಹೆಂಡತಿಯೂ ಕೊನೆಗೆ ಕಣ್ಣೊರೆಸಿಕೊಂಡು ನಕ್ಕಳು. ನಿಲ್ಲಿಸದೆ ಹಾಡುವುದೆಂದು ಒಪ್ಪಿಕೊಂಡರು. ಒಂದು ಸಲ ಪ್ರಾಕ್ಟೀಸ್ ಮಾಡಲೂ ಹೊತ್ತಿರಲಿಲ್ಲ, ಹಿಂದೆ ಇನ್ನೊಂದು ಊರಿನ ಕೋಲಾಟದವರು ಕಾದಿದ್ದರು. ಬಾಗಿಲು ಮುಚ್ಚಿತು, ಕೆಂಪು ದೀಪ ಹತ್ತಿತು. ನಾನು ಗಾಜಿನಾಚೆ ನಿಂತೆ.

ಹಾಡು ಆ ಜಾಗಕ್ಕೆ ಬಂತು. ಒಪ್ಪಿಕೊಂಡದ್ದು ಬಾಯಿ, ಅಭ್ಯಾಸ ಬಿಡಬೇಕಲ್ಲ! ಆರೂ ಜನ ತಟಕ್ಕನೆ ನಿಲ್ಲಿಸಿ ಕಣ್ಣು ಮುಚ್ಚಿದರು. ಹಾರ್ಮೋನಿಯಂ ಮೇಲಿನ ಅಕ್ಕನ ಕೈಯೂ ನಿಂತುಬಿಟ್ಟಿತು. ದನಿ ಮಾತ್ರ ನಿಲ್ಲಲಿಲ್ಲ. ತಾಳವಿಲ್ಲ, ಶ್ರುತಿಯಿಲ್ಲ, ಬರೀ ದನಿ. ಆರು ಜನರ ನಡುವೆ ಅಡಗಿ ಕೂತಿದ್ದದ್ದು ಒಂಟಿಯಾಗಿ ಎದ್ದು ನಿಂತಿತ್ತು. ತಪ್ಪು ಗೊತ್ತಾದ ಉಳಿದವರು ಕೆಂಪು ದೀಪಕ್ಕೆ ಹೆದರಿ ನಡುವೆ ಬಾಯಿ ಹಾಕದೆ, ಪಲ್ಲವಿ ಮತ್ತೆ ಬರುವವರೆಗೂ ಉಸಿರು ಹಿಡಿದು ಕೂತರು. ಐದು ವರ್ಷ ಕೇಳುವವಳಾಗಿದ್ದ ನಾನು ಆ ದನಿಯನ್ನು ಮೊದಲ ಸಲ ಕೇಳಿದೆ. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ.

"ನಡುವೆ ಒಬ್ಬರೇ ಹಾಡೋ ಹಾಗೆ ಮಾಡಿದ್ದು ಬಹಳ ಚೆನ್ನಾಗಾಯ್ತು" ಎಂದರು ಆಫೀಸರು ಹೊರಗೆ ಬಂದು. "ಮೊದ್ಲೇ ಹೀಗೆ ಹಾಡೋಕೇನಾಗಿತ್ತಮ್ಮ?"

ವಾಪಸ್ಸು ಬರುವಾಗ ರೈಲಿನಲ್ಲಿ ನಾನು ಅಕ್ಕನ ಪಕ್ಕ ಕೂತು, "ತಪ್ಪಾಯ್ತಕ್ಕ, ಅಷ್ಟು ಜನರ ಮುಂದೆ ಹೇಳಬಾರದಿತ್ತು" ಎಂದೆ.

"ಹೇಳಿದ್ದಕ್ಕೇನಿಲ್ಲ ಬಿಡು. ಗುಟ್ಟು ಕಂಡ್ಹಿಡಿದು ಇಷ್ಟ್ ದಿನ ನೀನ್ ಹೊಟ್ಟೇಲಿಟ್ಕೊಂಡಿದ್ಯಲ್ಲ, ಅದೇ ಆಶ್ಚರ್ಯ." ಕಿಟಕಿಯ ಸರಳು ಹಿಡಿದುಕೊಂಡರು. "ಈಗ ಭಯ ಆಗ್ತೈತೆ ಕಣೇ. ಗುಂಪಲ್ಲಿ ಕೇಳ್ಲಿ ಅಂದ್ಕೊಂಡಿದ್ದೆ. ಗುಂಪಲ್ಲಾದ್ರೆ ಯಾರೂ ಒಬ್ರನ್ನ ಬೊಟ್ ಮಾಡಿ ತೋರ್ಸಕ್ಕಾಗಲ್ಲ. ಒಬ್ಳೇ ಹಾಡ್ಬಿಟ್ನಲ್ಲ. ಅವ್ರು ಎದ್ದ್ ಹೋಗ್ಬಿಟ್ರೆ?"

ನಾನು ಬುತ್ತಿ ಗಂಟು ಬಿಚ್ಚಿ ಅವರ ಕೈಗೆ ಒಂದು ರೊಟ್ಟಿ ಇಟ್ಟೆ.

ಆ ಪ್ರಸಾರದಿಂದ ಊರಿನ ಹಾಡು ಬದಲಾಯಿತು, ಅದನ್ನೂ ಹೇಳಿಬಿಡುತ್ತೇನೆ. ಅದು ರೇಡಿಯೋದಲ್ಲಿ ಎರಡು ಮೂರು ಸಲ ಮತ್ತೆ ಬಂತು. ಹೊಸ ಹುಡುಗಿಯರು ರೇಡಿಯೋ ಕೇಳಿಯೇ ಕಲಿತರು. ಅವರು ನಿಲ್ಲಿಸುತ್ತಿರಲಿಲ್ಲ, ಆ ಜಾಗದಲ್ಲಿ ಒಬ್ಬಳೇ ಹಾಡುತ್ತಿದ್ದಳು, ತಾಳ ಬಿಟ್ಟು. ನಾಲ್ಕಾರು ವರ್ಷದಲ್ಲಿ ಅಜ್ಜಂಪುರದ ಕಡೆಯಲ್ಲೂ ಅದೇ ರೂಢಿಯಾಯಿತು. ಕೇಳಿದರೆ "ಹಿಂದ್ಲಿಂದ್ಲೂ ಹಿಂಗೇ" ಎನ್ನುತ್ತಿದ್ದರು. ಪ್ಲೇಟು ಇಟ್ಟ ನಿಲುಗಡೆಯನ್ನು ರೇಡಿಯೋ ತೆಗೆದುಹಾಕಿತು. ಅಕ್ಕನಿಗೆ ಇದರಿಂದ ಬೇಜಾರೇನಾಗಲಿಲ್ಲ. ಸ್ವಾಮಿಗಳು ಮಾತ್ರ ಒಂದು ಸಲ, "ಆ ಮೌನ ಎಲ್ಲಿ ಹೋಯ್ತಮ್ಮ?" ಎಂದು ಕೇಳಿದರಂತೆ. ಅಕ್ಕ ಏನು ಹೇಳಿದರೋ ಗೊತ್ತಿಲ್ಲ.

ಮೊದಲ ಸಲ ಪ್ರಸಾರವಾದ ಸಂಜೆ ಆ ಪಡಸಾಲೆಯಲ್ಲಿ ನಾನಿದ್ದೆ. ಹೆಂಗಸರ ಭಜನೆ ಬರುತ್ತದೆಂದು ಮಾವನಿಗೆ ಹೇಳಿದ್ದರು. ಅವರು ಮರ್ಯಾದೆಗೆಂದು ಹೊದ್ದ ಶಾಲು ಸರಿಮಾಡಿಕೊಂಡು ರೇಡಿಯೋ ಹತ್ತಿರ ಒರಗಿ ಕೂತರು. ಅಕ್ಕನ ಯಜಮಾನರು ಕಂಬಕ್ಕೆ ಒರಗಿ ನಿಂತರು. ನನಗೆ ಟೀಚರಮ್ಮನೆಂದು ಒಂದು ಸ್ಟೂಲು. ಅಕ್ಕ ಮತ್ತು ಭಜನೆಯ ಹೆಂಗಸರು ಬಾಗಿಲ ಹಿಂದೆ.

ಹಾಡು ಶುರುವಾಯಿತು. ಮಾವ ಹೌದಪ್ಪ, ಪರವಾಗಿಲ್ಲ ಎನ್ನುವ ಹಾಗೆ ತಲೆಯಾಡಿಸುತ್ತಿದ್ದರು. ಆ ಜಾಗ ಬಂತು. ಗುಂಪಿನ ದನಿ ನಿಂತು ಒಂಟಿ ದನಿ ಎದ್ದಿತು. ಮಾವ ಬೆನ್ನು ನೆಟ್ಟಗೆ ಮಾಡಿ ಕೂತರು. ಯಾರೂ ಮಾತಾಡುತ್ತಿರಲಿಲ್ಲ, ಆದರೂ ಸುಮ್ಮನಿರಿ ಎಂದು ಕೈಯೆತ್ತಿದರು.

"ನೋಡ್ದೇನೋ" ಎಂದರು ಮಗನಿಗೆ, ಪಿಸುದನಿಯಲ್ಲಿ. "ನಮ್ ಪ್ಲೇಟ್ ತಿರುವೋ ಜಾಗ ಇದು. ನಮ್ ಹೆಂಗಸ್ರು ಇಲ್ಲಿ ನಿಲ್ಸವ್ರೆ. ಸ್ಟೇಷನ್ನೋರು ಮಧ್ಯ ಬೇರೆ ಯಾರ್ದೋ ಪ್ಲೇಟ್ ಹಾಕವ್ರೆ. ಯಾರ್ದೋ ಇದು? ಈ ದನಿ ನಮ್ಮತ್ರ ಇಲ್ವಲ್ಲೋ. ಬೆಂಗ್ಳೂರಿಗೆ ಬರ್ದು ತರ್ಸು."

ಮಗ ತಲೆ ಬಗ್ಗಿಸಿ ನಿಂತಿದ್ದರು. ನನ್ನ ನಾಲಿಗೆ ತುದಿಗೆ ಬಂದಿತ್ತು. ಈ ಸಲ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

"ಪ್ಲೇಟಲ್ಲ ಮಾವ" ಎಂದು ಬಾಗಿಲ ಹಿಂದಿನಿಂದ ಕೇಳಿಸಿತು. "ನಾನು."

ಮುದುಕರು ಬಾಗಿಲ ಕಡೆ ತಿರುಗಿದರು. ರೇಡಿಯೋದಲ್ಲಿ ಆ ದನಿ ಹಾಡುತ್ತಲೇ ಇತ್ತು. ಅವರು ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿದರು. ಆಮೇಲೆ ಕಣ್ಣು ಕೆಳಗೆ ಹಾಕಿ, ಹಾಡು ಮುಗಿಯುವವರೆಗೂ ಅಲ್ಲಾಡದೆ ಕೂತರು. ಎದ್ದು ಹೋಗಲಿಲ್ಲ. ಹಾಡು ಮುಗಿಯಿತು. ಮರುಗಳಿಗೆಗೇ ಪೇಟೆ ಧಾರಣೆ ಶುರುವಾಯಿತು: ತಿಪಟೂರು, ಅರಸೀಕೆರೆ, ಕೊಬ್ಬರಿ. ಆ ಮನೆಯಲ್ಲಿ ಜ್ವರ ಬಂದು ಮಲಗಿದವರೂ ಎದ್ದು ಕೂತು ಕೇಳುತ್ತಿದ್ದದ್ದು ಅದು. ಮಂಡಿಯ ಮರುದಿನದ ವ್ಯಾಪಾರವೆಲ್ಲ ಅದರ ಮೇಲೆ. ಮಗ ಬರೆದುಕೊಳ್ಳಲು ಪೆನ್ಸಿಲು ತೆಗೆದರು.

ಮಾವ ಕೈಚಾಚಿ ಗುಂಡಿ ತಿರುಗಿಸಿ ರೇಡಿಯೋ ನಿಲ್ಲಿಸಿಬಿಟ್ಟರು.

"ಇನ್ನೊಂದ್ಸಲ ಹಾಡವ್ವ" ಎಂದರು.

ಅಕ್ಕ ಹಾಡಿದರು. ಅವತ್ತು ಕೊಬ್ಬರಿ ಏರಿತೋ ಇಳಿಯಿತೋ, ಆ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.